ಏಳು ಸೇರು ಕಂಚು

ದೇವರ ಮೂರ್ತಿ ಎರೆಯುವ ಮನೆಯಲ್ಲೇ ದೇವರಿಗೆ ಲೋಹ ಸಿಗದೆ ಹೋದ ವರ್ಷದ ಮಾತು ಇದು. ಯುದ್ಧ ನಡೆದಿತ್ತು. ಮುಂಬೈಯಿಂದ ತಾಮ್ರ, ತವರ ಬರುವುದು ನಿಂತು ಒಂದೂವರೆ ವರ್ಷವಾಗಿತ್ತು. ಜಮಖಂಡಿಯಲ್ಲಿ ಕಂಚುಗಾರರಾದ ಬೋಗಾರರ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿದ್ದ ಬಡಿತ ಈಗ ವಾರಕ್ಕೊಮ್ಮೆ ಕೇಳಿದರೆ ಹೆಚ್ಚು.

ಓಣಿಯ ನಡುವಿನ ಮನೆ ಪಾರ್ಶ್ವನಾಥನದು. ಎಲ್ಲರ ಬಾಯಲ್ಲಿ ಅವನು ಪಾರೀಸಪ್ಪ. ಬಸದಿಗಳಿಗೆ ಜಿನಬಿಂಬ, ಗುಡಿಗಳಿಗೆ ಗಂಟೆ, ಮನೆಗಳಿಗೆ ದೀಪ ಎರೆದುಕೊಡುವುದು ಅವನ ತಂದೆಯ ಕಾಲದಿಂದ ಬಂದ ಕಸುಬು. ತಂದೆ ತೀರಿಹೋಗಿದ್ದ. ಮನೆಯಲ್ಲಿ ತಾಯಿ ಅಕ್ಕವ್ವ, ಹೆಂಡತಿ ರಾಜಮತಿ, ಹನ್ನೆರಡು ವರ್ಷದ ಮಗಳು ಕಮಲಾ ಇದ್ದರು. ತಮ್ಮ ನೇಮಿನಾಥ ಆರು ವರ್ಷ ಬರ್ಮಾದ ಮಂಡಾಲೆಯಲ್ಲಿ ಪಾತ್ರೆಯ ಅಂಗಡಿಯಲ್ಲಿದ್ದು, ಊರಿಗೆ ಬಾಂಬು ಬಿದ್ದ ಮೇಲೆ ಕಾಡು ದಾಟಿ ನಡೆದು, ಹೋದ ಬೇಸಿಗೆಯಲ್ಲಿ ಮನೆ ಮುಟ್ಟಿದ್ದ.

ಬಂದಾಗ ಅವನ ಮೈಮೇಲೆ ಒಂದು ಹರಕು ಅಂಗಿ, ಒಳಗೆ ಚಳಿಜ್ವರ, ಬೆನ್ನಿಗೆ ಕಟ್ಟಿದ ಗಂಟು. ಗಂಟಿನಲ್ಲಿ ಹಣವಿರಬಹುದೆಂದು ರಾಜಮತಿ ಬಿಚ್ಚಿದಳು. ಒಂದೂವರೆ ಗೇಣು ಎತ್ತರದ ಕಂಚಿನ ಬುದ್ಧ ಹೊರಬಿದ್ದ.

ಅಕ್ಕವ್ವ ಮಗನ ಮುಖ, ಕೈ, ಒಡೆದ ಅಂಗಾಲು ಎಲ್ಲ ಸವರಿ ನೋಡಿದಳು. ಮೂರ್ತಿಯನ್ನು ಮುಟ್ಟಲಿಲ್ಲ. "ಅರಿವಿ ಉಟ್ಟ ದೇವರು ನಮ್ಮ ದೇವರ ಜಗಲಿಗೆ ಬರೂದಿಲ್ಲ. ಪಡಸಾಲಿ ಮಾಡದಾಗ ಇಡು," ಅಂದಳು. ಕಂದೀಲು ಇಡುವ ಗೂಡು ಖಾಲಿ ಮಾಡಿ ಅಲ್ಲಿ ಅದನ್ನು ಕೂರಿಸಿದರು. ಅವತ್ತಿನಿಂದ ನೇಮಿನಾಥನೇ ಅದರ ದೂಳು ಒರೆಸುತ್ತಿದ್ದ. ಉಳಿದವರು ಕಂದೀಲಿಗೆ ಕೊಡುತ್ತಿದ್ದಷ್ಟೇ ಗಮನವನ್ನು ಅದಕ್ಕೂ ಕೊಡುತ್ತಿದ್ದರು.

ಅಕ್ಕವ್ವನಿಗೆ ಒಂದು ರೂಢಿಯಿತ್ತು. ಮನೆಯ ಪಾತ್ರೆಯೆಲ್ಲ ಸೊಸೆ ತಿಕ್ಕುತ್ತಿದ್ದಳು. ನೇಮಿನಾಥನ ಕಂಚಿನ ತಾಟು ಮಾತ್ರ ಅಕ್ಕವ್ವನದು. ಅವನು ಊರಲ್ಲಿ ಇಲ್ಲದ ಆರು ವರ್ಷವೂ, ಯಾರೂ ಉಣ್ಣದ ಆ ತಾಟನ್ನು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಹಲಗೆಯ ಮೇಲೆ ಬೋರಲು ಹಾಕುತ್ತಿದ್ದಳು. "ಉಣ್ಣದ ತಾಟ ಯಾತಕ್ಕ ತಿಕ್ಕತೀರಿ, ಅತ್ತಿ?" ಎಂದು ರಾಜಮತಿ ಒಮ್ಮೆ ಕೇಳಿದ್ದಳು. "ಕಪ್ಪ ಹಿಡೀತತಿ," ಎಂದಷ್ಟೇ ಉತ್ತರ ಬಂದಿತ್ತು.

ಈಗ ಆ ವರ್ಷದ ಮಾತು. ಹದಿನಾಲ್ಕು ವರ್ಷದ ಹಿಂದೆ ನೇಮಿನಾಥನಿಗೆ ವಿಷಮಜ್ವರ ಬಂದು ಹುಡುಗ ಉಳಿಯುವ ಭರವಸೆ ಹೋದಾಗ, ಅಕ್ಕವ್ವ ಬಸದಿಗೆ ಹೋಗಿ ಅನಂತನ ನೋಂಪಿ ಹಿಡಿದಿದ್ದಳು. ವರ್ಷಕ್ಕೊಮ್ಮೆ ಭಾದ್ರಪದ ಶುದ್ಧ ಚತುರ್ದಶಿಯಂದು ಹನಿ ನೀರೂ ಕುಡಿಯದೆ ಉಪವಾಸ, ಹದಿನಾಲ್ಕು ಗಂಟಿನ ದಾರ. ಹೀಗೆ ಹದಿನಾಲ್ಕು ವರ್ಷ. ಕೊನೆಯ ವರ್ಷ ಉದ್ಯಾಪನೆ ಮಾಡಿ ನೋಂಪಿ ಮುಗಿಸಬೇಕು. ಅವತ್ತು ವೃಷಭನಾಥನಿಂದ ಅನಂತನಾಥನವರೆಗೆ ಹದಿನಾಲ್ಕು ತೀರ್ಥಂಕರರಿರುವ ಕಂಚಿನ ಬಿಂಬವನ್ನು ಬಸದಿಗೆ ಕೊಡುತ್ತೇನೆಂದು ಎಲ್ಲರ ಎದುರಿಗೆ ಹೇಳಿದ್ದಳು. ತೂಕವನ್ನೂ ಹೇಳಿದ್ದಳು. ಏಳು ಸೇರು.

ಹುಡುಗ ಉಳಿದ. ವರ್ಷಗಳು ತುಂಬಿದವು. ಕಂಚು ಇರಲಿಲ್ಲ.

ಆಷಾಢದ ಒಂದು ಸಂಜೆ ಪಾರೀಸಪ್ಪ ಕಂಚು ಹುಡುಕಿ ಊರೂರು ಸುತ್ತಿ ಚಕ್ಕಡಿಯಲ್ಲಿ ಬಂದಿಳಿದಾಗ ಹೊತ್ತು ಮುಳುಗಲು ಇನ್ನೂ ಸ್ವಲ್ಪ ಬಾಕಿ ಇತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ರಾಜಮತಿ ಗಡಬಡಿಸಿ ತಾಟು ಇಟ್ಟಳು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ.

"ಲೋಕಾಪುರ ನೋಡ್ದೆ, ಮುಧೋಳ ನೋಡ್ದೆ," ಎಂದ ಪಾರೀಸಪ್ಪ, ರೊಟ್ಟಿ ಮುರಿಯುತ್ತ. "ಮಂದಿ ನೀರು ತರೂ ಕೊಡಾ ಸುದ್ದಾ ಹಗೇವಿನ್ಯಾಗ ಮುಚ್ಚಿಟ್ಟಾರ. ಬೀಳಗ್ಯಾಗ ಇದೊಂದು ಒಡಕ ಗಂಟಿ ಸಿಕ್ತು."

"ಎಷ್ಟಾತು?" ಅಕ್ಕವ್ವ ಕೇಳಿದಳು.

"ನಮ್ಮ ಹಳೇ ದೀಪಾ ಕೂಡಿ ಎರಡೂ ಮುಕ್ಕಾಲು ಸೇರು."

"ಏಳಾಗಬೇಕು."

"ನನಗ ಗೊತ್ತಿಲ್ಲೇನಬೇ? ಕಂಚು ಹೊಲದಾಗ ಬೆಳೀತತೇನು?"

ನೇಮಿನಾಥ ತನ್ನ ತಾಟನ್ನು ಸ್ವಲ್ಪ ಮುಂದೆ ದೂಡಿದ. "ಉಂಡಿದ್ದಾದ ಮ್ಯಾಲ ಈ ತಾಟ ತಗೊ ಅಣ್ಣಾ. ಒಂದು ಸೇರರ ಬರ್ತೇತಿ."

"ಅದು ನಡ್ಯೂದಿಲ್ಲ," ಅಕ್ಕವ್ವ ಕಡ್ಡಿ ಮುರಿದಂತೆ ಅಂದಳು. "ಉಂಡ ತಾಟು ದೇವರಾಗೂದಿಲ್ಲ. ನಿಮ್ಮಪ್ಪ ಇದ್ದಾಗಿಂದ ಈ ಮನಿ ಕಟ್ಟಳಿ ಅದು. ಗಂಟಿ ತಗೋರಿ, ದೀಪ ತಗೋರಿ. ಎಂಜಲ ಮುಟ್ಟಿದ್ದು ಬ್ಯಾಡ."

ರಾಜಮತಿ ಮಜ್ಜಿಗೆ ಬಡಿಸುತ್ತಿದ್ದವಳು ತಲೆಯೆತ್ತಿ ಮಾಡದ ಕಡೆ ನೋಡಿದಳು. "ಎಂಜಲ ಮುಟ್ಟದ್ದು ಅಲ್ಲಿ ಕುಂತೈತಲ್ಲ," ಅಂದಳು. "ಊರೆಲ್ಲಾ ತಿರಗತೀರಿ. ಮನ್ಯಾಗ ಇದ್ದದ್ದು ಕಾಣೂದಿಲ್ಲ."

ಕಮಲಾ ಕಿಸಕ್ಕನೆ ನಕ್ಕಳು. "ಅವ್ವಾ, ಅಂವಗ ಅಷ್ಟ ಅರಿವಿ ಎಲ್ಲಿಂದ ಬಂತ? ನಮಗ ಪರಕಾರಕ್ಕ ಸುದ್ದಾ ಅರಿವಿ ಸಿಗವಲ್ದು!"

"ಸುಮ್ಮನ ಉಣ್ಣ," ಎಂದು ತಾಯಿ ಗದರಿದಳು. ಆದರೆ ಅವಳೇ ಆಡಿದ ಮಾತು ತಾಟಿನ ನಡುವೆ ಕೂತುಬಿಟ್ಟಿತ್ತು. ಪಾರೀಸಪ್ಪ ತಮ್ಮನ ಮುಖ ನೋಡದೆ ಕೇಳಿದ: "ಏನಂತೀಯೋ ನೇಮಿ? ದೇವರ ಲೋಹ ದೇವರಿಗೆ. ತಪ್ಪೇನಿಲ್ಲ."

"ಅದು ನಂದಲ್ಲಣ್ಣಾ."

"ನಿಂದಲ್ಲಂದ್ರ?"

"ಮಂದೀದು. ಇಟ್ಟಿರಾಕ ಕೊಟ್ಟಾರ. ಯುದ್ಧ ಮುಗಿದ ಮ್ಯಾಲ ತಂದು ಕೊಡ್ತೇನಂತ ಮಾತು ಕೊಟ್ಟೇನಿ."

"ಯಾರು?"

"ನಾ ಇದ್ದ ಮನಿ ಮುದುಕಿ."

"ಊರಿಗೆ ಊರ ಸುಟ್ಟೈತಿ, ಜಪಾನದವ್ರು ಬಂದು ಕುಂತಾರ. ಆಕಿ ಅದಾಳೋ ಇಲ್ಲೋ! ನೀ ಮಾತು ಕೊಟ್ಟದ್ದಾದ್ರೂ ಯಾರ ಕೇಳ್ಯಾರ?"

ನೇಮಿನಾಥ ಕೈ ತೊಳೆದು ಎದ್ದುಹೋದ. ಬರ್ಮಾದ ಸುದ್ದಿ ಬಂದಾಗಲೆಲ್ಲ ಅವನು ಹೀಗೇ ಎದ್ದುಹೋಗುತ್ತಿದ್ದ. ದಾರಿಯಲ್ಲಿ ಏನು ಕಂಡ, ಯಾರು ಜೊತೆಗಿದ್ದರು, ಯಾರು ಉಳಿದರು ಎಂಬುದು ವರ್ಷ ಕಳೆದರೂ ಮನೆಯವರಿಗೆ ಗೊತ್ತಿರಲಿಲ್ಲ.

ಶ್ರಾವಣ ಹುಟ್ಟಿತು. ಮಳೆ ಹಿಡಿದು ಅಂಗಳದಲ್ಲಿ ಪಾಚಿ ಕಟ್ಟಿತು. ಪಾರೀಸಪ್ಪ ಮೇಣದಲ್ಲಿ ಬಿಂಬ ತಿದ್ದಲು ಕೂತ. ಜೇನು ತಿನ್ನದ ಮನೆ ಅದು. ಕಸುಬಿಗೆಂದು ಜೇನಿನ ಮೇಣ ಒಳಗೆ ಬರುತ್ತಿತ್ತು, ಆದರೆ ಅಕ್ಕವ್ವ ಅದನ್ನು ಮುಟ್ಟುತ್ತಿರಲಿಲ್ಲ. ದೂರ ಕೂತು ಹದಿನಾಲ್ಕು ಮೂರ್ತಿಗಳು ಒಂದೊಂದಾಗಿ ಏಳುವುದನ್ನು ನೋಡುತ್ತಿದ್ದಳು. ಎಲ್ಲರೂ ಬೆತ್ತಲೆ, ಎಲ್ಲರ ಮುಖವೂ ಒಂದೇ. ಪೀಠದಲ್ಲಿ ಕೊರೆದ ಎತ್ತು, ಆನೆ, ಕುದುರೆಗಳಿಂದ ಯಾರು ಯಾರೆಂದು ತಿಳಿಯಬೇಕು.

ಕಮಲಾಳಿಗೆ ಇದು ಬೇಸರ. ಅವಳು ಮಾಡದ ಬುದ್ಧನ ಮುಂದೆ ಕೂತು ಕಾಕಾನಿಗೆ ಪ್ರಶ್ನೆ ಹಾಕುತ್ತಿದ್ದಳು. ನೇಮಿನಾಥ ಬೇರೆಯವರ ಎದುರು ಆಡದ ಮಾತನ್ನು ಅವಳ ಎದುರು ಸ್ವಲ್ಪ ಆಡುತ್ತಿದ್ದ.

"ಕಾಕಾ, ಇವನ ಬೆರಳೆಲ್ಲಾ ಒಂದ ಸಮ ಅದಾವಲ್ಲ. ಮಾಡಿದಾವಗ ಬರ್ತಿದ್ದಿಲ್ಲೇನ?"

"ಬರ್ತಿತ್ತವಾ. ಅಲ್ಲಿ ಅದ ಲಕ್ಷಣ. ದೊಡ್ಡವರ ಬೆರಳು ಹಿಂಗ ಇರತಾವಂತ. ಕಿವಿ ನೋಡು, ಹೆಗಲಿಗೆ ಮುಟ್ಟ್ಯಾವ. ಅರಸರ ಮಗ, ಬಂಗಾರದ ಕಡಕ ಹಾಕಿ ಹಾಕಿ ಜೋತಾವ. ಎಲ್ಲಾ ಬಿಟ್ಟು ಹೋದಾಗ ಕಡಕ ಹೋದು, ಕಿವಿ ಹಂಗ ಉಳದು."

"ಹಣೀಗಿ ಪಟ್ಟಿ?"

"ಅದು ಮಂಡಾಲೆ ಕಡೀದು. ಸೆರಗಿನ ನಿರಿಗೀನೂ ಅಲ್ಲೀದ. ಸಯಾಮದವ್ರು ಮಾಡಿದ್ರ ತಲಿ ಮ್ಯಾಲ ಉರಿ ಎದ್ದಂಗ ಮಾಡ್ತಾರ, ಮೈ ಬಳ್ಳಿ ಇದ್ದಂಗ. ಟಿಬೇಟದವ್ರು ಕಿರೀಟ ಇಟ್ಟು ಹಾರ ಹಾಕ್ತಾರ. ಚೀನಾದವರ ಅಂಗಡ್ಯಾಗ ಒಬ್ಬಾಂವ ಹೊಟ್ಟಿ ಬಿಟ್ಟ ನಗಾಕತ್ತಿರ್ತಾನ. ಯಾವ ದೇಶಕ್ಕ ಹೋದ್ರ ಆ ದೇಶದ ಮಾರಿ ಅವಗ."

"ನಮ್ಮ ಅಪ್ಪ ಮಾಡಿದ್ರ?"

"ನಿನ್ನಂಗ ಚಪ್ಪಟಿ ಮೂಗು."

ಕಮಲಾ ಅವನ ಬೆನ್ನಿಗೆ ಗುದ್ದಿದಳು. "ಬಲಗೈ ಯಾಕ ಹಂಗ ಕೆಳಗ ಬಿಟ್ಟಾನ? ಏನರ ಬಿದ್ದತೇನ?"

"ಅಲ್ಲ. ಇಂವ ತಪಕ್ಕ ಕುಂತಾಗ ಅದನ್ನ ಕೆಡಸಾಕ ಮಾರ ಬಂದು, ‘ಏಳು, ಈ ಜಾಗಾ ನಂದು. ನೀ ಇಷ್ಟು ದಾನ ಮಾಡೇನಿ, ಧರ್ಮ ಮಾಡೇನಿ ಅಂತಿ, ಯಾರ ನೋಡ್ಯಾರ?’ ಅಂದನಂತ. ಇವನ ಕಡೆ ಯಾರೂ ಇದ್ದಿಲ್ಲ. ಸುಮ್ಮನ ಭೂಮಿಗೆ ಬೆರಳ ಹಚ್ಚಿದ. ‘ನಾ ನೋಡೇನಿ’ ಅಂತ ಭೂಮಿ ಹೇಳ್ತಂತ."

ಆಚೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅಕ್ಕವ್ವ ಕೈ ನಿಲ್ಲಿಸದೆ ಅಂದಳು: "ನಮ್ಮ ಜಿನಪ್ಪಗ ಎರಡೂ ಕೈ ಮಡಲಾಗ. ಅವಗ ಯಾರ ಸಾಕ್ಷೀನೂ ಬೇಕಾಗಿಲ್ಲ."

ಮೇಣದ ಬಿಂಬ ಮುಗಿಯಿತು. ಅದಕ್ಕೆ ಮಣ್ಣು ಮೆತ್ತಿ ಅಚ್ಚು ಮಾಡಿ ನೆರಳಲ್ಲಿ ಒಣಗಿಸಿದರು. ತೇರದಾಳದ ಬೀಗರಿಗೆ, ರಬಕವಿಯ ರಾಜಮತಿಯ ತವರಿಗೆ ಉದ್ಯಾಪನೆಯ ಕರೆ ಹೋಗಿತ್ತು. ಮದುವೆಯಾದ ಹದಿನೈದು ವರ್ಷಗಳಲ್ಲಿ ರಾಜಮತಿಯ ಕೈಯಿಂದ ನಡೆಯಬೇಕಾದ ಮೊದಲ ದೊಡ್ಡ ಕಾರ್ಯ ಅದು. ಅವಳ ಅಸಮಾಧಾನ ಬೆಳೆಯಿತು. ರೊಟ್ಟಿ ಬಡಿಯುವಾಗ ಹಂಚಿಗೆ, ನೀರು ತರುವಾಗ ಕೊಡಕ್ಕೆ ಹೇಳಿದಂತೆ ಮಾಡಿ ಮೈದುನನಿಗೆ ಹೇಳುತ್ತಿದ್ದಳು.

"ಕೆಲವರು ಬರ್ಮಾಕ್ಕ ಹೋಗಿ ಬಂಗಾರ ತಂದ್ರು. ಕೆಲವರು ಬೊಂಬಿ ತಂದ್ರು."

ಒಂದು ದಿನ ನೇಮಿನಾಥ ತಿರುಗಿ ಅಂದ: "ಜೀವ ತಂದೇನಲ್ಲ ವೈನಿ, ಸಾಲದೇನ್ರಿ?"

"ಆ ಜೀವಾ ಯಾರ ಹದಿನಾಲ್ಕು ವರ್ಷ ಉಪವಾಸ ಮಾಡಿ ಉಳಿಸ್ಯಾರ, ಅದೂ ನೆನಪಿರಲಿ. ಆಕೀಗಿ ಕೊಡಬೇಕಾದ್ದು ಕೊಡವಲ್ಲಿ. ಎಲ್ಲೋ ಇದ್ದ ಮುದುಕಿ ಹೆಚ್ಚಾದಳು."

ನೇಮಿನಾಥನ ಮುಖ ಕಪ್ಪಿಟ್ಟಿತು. ಅವನು ಅವ್ವನ ಕಡೆ ನೋಡಿದ. ಅವ್ವ ಅಲ್ಲ ಅನ್ನುತ್ತಾಳೆಂದು ಕಾದ. ಅಕ್ಕವ್ವ ಹತ್ತಿ ಬತ್ತಿ ಹೊಸೆಯುತ್ತ ಅಂದಳು: "ನಾನೂ ಮಾತು ಆಡೇನಿ, ನೇಮಿ. ಬಸದ್ಯಾಗ ನಿಂತು ಏಳು ಸೇರಂತ ಆಡೇನಿ. ಚತುರ್ದಶಿಗೆ ಇಪ್ಪತ್ತು ದಿನಾ ಉಳದಾವ. ಪಾರೀಸ, ಬ್ಯಾರೆ ದಾರಿ ಇಲ್ಲಂದ್ರ ಅದನ್ನ ಕರಗಸು."

"ಅವ್ವಾ..."

"ಪುಣ್ಯಾ ಬಂದ್ರ ಆ ಮುದುಕೀಗೂ ಒಂದು ಪಾಲು ಹೋಗಲಿ. ಸಾಕ್ಷಿ ಬೇಕಂದ್ರ ಆ ನಿನ್ನ ಭೂಮೀನ ಕರಿ."

ಅವತ್ತು ನೇಮಿನಾಥ ಉಣ್ಣಲಿಲ್ಲ. ಮರುದಿನ ಜ್ವರ ಏರಿತು. ಜ್ವರ ಏರಿದಾಗ ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು. ಅಕ್ಕವ್ವ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದಳು.

ಮೂರನೆಯ ದಿನ ಮಧ್ಯಾಹ್ನ ನೇಮಿನಾಥನಿಗೆ ಬೆವರು ಬಂದು ನಿದ್ದೆ ಹತ್ತಿತು. ರಾಜಮತಿ ಮಾಡದಿಂದ ಬುದ್ಧನನ್ನು ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿನ ಭಟ್ಟಿಯ ಚಪ್ಪರಕ್ಕೆ ಒಯ್ದು ಗಂಡನ ಎದುರು ಇಟ್ಟಳು.

"ಅಂವ ಮಲಗ್ಯಾನ. ಎದ್ದ ಮ್ಯಾಲ ಜಗಳ ಬ್ಯಾಡ. ಇವತ್ತ ಮುಗಿಸಿಬಿಡ್ರಿ."

ಪಾರೀಸಪ್ಪ ತೂಗಿದ. ನಾಲ್ಕೂವರೆ ಸೇರು. ಗಂಟೆ, ದೀಪ ಕೂಡಿಸಿದರೆ ಏಳು ದಾಟುತ್ತಿತ್ತು. ಲೋಹ ಕರಗಿಸುವ ಮೂಸೆ ಭಟ್ಟಿಯಲ್ಲಿತ್ತು, ಇದ್ದಿಲು ತುಂಬಿತ್ತು. ಬೆಂಕಿ ಹಾಕುವುದೊಂದೇ ಬಾಕಿ.

ಆದರೆ ಹಳೆಯ ಲೋಹ ಯಾವುದೇ ಬರಲಿ, ಮೊದಲು ಅರ ಹಾಕಿ ಉಜ್ಜಿ ಬಣ್ಣ ನೋಡಬೇಕು. ಅದು ಕಸುಬಿನವನ ಕೈಯ ರೂಢಿ. ಅವನು ಮೂರ್ತಿಯನ್ನು ಬೋರಲು ಮಾಡಿ ತಳಕ್ಕೆ ಅರ ಹಾಕಿದ. ತಳದ ಅರಗು ಬಿಟ್ಟುಕೊಂಡು ಒಳಗಿಂದ ಒಣ ಕಪ್ಪು ಮಣ್ಣು ಉದುರಿತು. ಪಾರೀಸಪ್ಪ ಬೆರಳು ಹಾಕಿ ನೋಡಿದ. ಮೂರ್ತಿ ಪೊಳ್ಳು. ಅವನ ಮನೆತನದವರು ಎರೆದದ್ದೆಲ್ಲ ಗಟ್ಟಿ. ಇಲ್ಲಿ ಮಣ್ಣಿನ ಮೇಲೆ ಮೇಣ ಹಚ್ಚಿ, ಮೇಣವಿದ್ದಷ್ಟೇ ಜಾಗದಲ್ಲಿ ಕಂಚು ಹರಿಸಿದ್ದರು. ಅಂಚು ಜೋಳದ ಕಾಳಿನಷ್ಟು ತೆಳು, ಸುತ್ತಲೂ ಒಂದೇ ಸಮ. ಎಲ್ಲಿಯೂ ಒಂದು ತೂತಿಲ್ಲ.

"ಏನ ನೋಡಾಕತ್ತೀರಿ?" ರಾಜಮತಿ ಅವಸರಿಸಿದಳು.

"ನನಗ ಈ ಕೈ ಇಲ್ಲಲೇ," ಎಂದ ಪಾರೀಸಪ್ಪ. "ನಮ್ಮಪ್ಪಗೂ ಇದ್ದಿಲ್ಲ."

ಇನ್ನೊಂದು ಕಡೆ ಅರ ಹಾಕಿದ. ಅಲ್ಲಿ ಕೆಂಪುಗಂದು ಕಂಚಿನ ನಡುವೆ ಒಂದು ಹಳದಿ ಎಳೆ ಹೊಳೆಯಿತು. ಅವನು ಉಗುಳು ಹಚ್ಚಿ ಒರೆಸಿ ಮತ್ತೆ ನೋಡಿದ. ಹಿತ್ತಾಳೆ. ಪೂರ್ತಿ ಬೆರೆಯದೆ, ಹಾಲಿಗೆ ಅರಿಶಿಣ ಬಿದ್ದಂತೆ ಎಳೆ ಎಳೆಯಾಗಿ ಉಳಿದಿತ್ತು.

"ಇಂಥಾ ಕೈ ಇದ್ದಾಂವ ಇಂಥಾ ತಪ್ಪ ಮಾಡೂದಿಲ್ಲ. ಎರಕ ಹೊಯ್ಯಾಕ ನಿಂತಾಗ, ಕಡೀಕ, ಯಾರೋ ಏನೋ ಮೂಸಿಗಿ ಒಗದಾರ."

"ತಾಟ," ಎಂದು ಬಾಗಿಲಿನಿಂದ ಧ್ವನಿ ಬಂತು.

ನೇಮಿನಾಥ ಕಂಬಳಿ ಹೊದ್ದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹಿಂದೆ ಅವನನ್ನು ತಡೆಯುತ್ತ ಬಂದ ಅಕ್ಕವ್ವ, ಅವಳ ಹಿಂದೆ ಕಮಲಾ. ನೇಮಿನಾಥ ಕೂಗಾಡಲಿಲ್ಲ. ಬಂದು ಇದ್ದಿಲಿನ ಚೀಲದ ಮೇಲೆ ಕೂತು, ಮೂರ್ತಿಯನ್ನು ತೊಡೆಯ ಮೇಲಿಟ್ಟುಕೊಂಡ.

"ಯಾವ ತಾಟೋ?" ಪಾರೀಸಪ್ಪ ಕೇಳಿದ.

"ಆಕಿ ಮಗಂದು. ಹದಿನೆಂಟು ವರ್ಷದ ಹುಡುಗ, ದೋಣ್ಯಾಗ ಹೋದಾಂವ ಹೊಳ್ಯಾಗ ಮುಳಗಿ ಹೋದ. ನಾ ಅವರ ಮನೀಗಿ ಹೋಗೂಕ್ಕಿಂತ ಮೊದಲಿನ ಮಾತು. ವರ್ಷಾದ ಮ್ಯಾಲ ಅವನ ಹೆಸರಲೆ ಇದನ್ನ ಎರಸಿದ್ಲು. ಅಲ್ಲಿ ಎರಕ ಹೊಯ್ಯೂ ಮುಂದ ಮಂದಿ ಬಂದು ನಿಲ್ತಾರ. ಬಳಿ, ಉಂಗುರ, ಮನಸಿನ್ಯಾಗ ಇದ್ದದ್ದು ಮೂಸ್ಯಾಗ ಹಾಕ್ತಾರ. ಆಕಿ ಹುಡುಗ ಉಣ್ಣೂ ಹಿತ್ತಾಳಿ ತಾಟ ತಂದು ಹಾಕಿದ್ಲಂತ. ಎರಕದಾಂವ ಬ್ಯಾಡಂದ, ಮೂರ್ತಿ ಕೆಡತೇತಿ ಅಂದ. ಕೇಳ್ಲಿಲ್ಲ."

ಅಕ್ಕವ್ವ ಮೆಲ್ಲಗೆ ಕೇಳಿದಳು: "ಉಂಡ ತಾಟು?"

"ಹೂಂನವಾ. ಅಂವ ಹೋದಾಗಿಂದ ದಿನಾ ತೊಳದು ಇಟ್ಟಿದ್ಲಂತ."

ಇದ್ದಿಲಿನ ಮೇಲೆ ಮಳೆಯ ಹನಿ ಸೋರುತ್ತಿತ್ತು. ಯಾರೂ ಚೀಲ ಸರಿಸಲಿಲ್ಲ.

"ಊರಿಗೆ ಬಾಂಬ ಬಿದ್ದಾಗ ಆಕೀ ಮನೀನೂ ಸುಟ್ತು," ನೇಮಿನಾಥ ಮುಂದುವರಿಸಿದ. "ತನ್ನ ಹಳ್ಳೀಗಿ ಹೊಂಟಿದ್ಲು. ದಾರ್ಯಾಗ ಕಳ್ಳರು, ದಂಡಿನವ್ರು. ಕಂಚು ಕಂಡ್ರ ಕಸಗೊಂಡು ಬಂದೂಕಿನ ತೋಟಾ ಮಾಡಾಕ ಕರಗಸ್ತಾರ. ‘ನೀ ಇವನು ಹುಟ್ಟಿದ ದೇಶಕ್ಕ ಹೊಂಟಿ, ಅಲ್ಲಿ ಇವನ್ನ ಯಾರೂ ಕರಗಸೂದಿಲ್ಲ. ಮುಗಿದ ಮ್ಯಾಲ ತಂದು ಕೊಡು,’ ಅಂತ ಹೇಳಿ ತಾನ ನನ್ನ ಬೆನ್ನಿಗೆ ಕಟ್ಟಿದ್ಲು. ಕಾಡಿನ್ಯಾಗ ಜೋಡಿ ಇದ್ದವ್ರು ಅಕ್ಕಿ ಚೀಲ ಒಗದ್ರು, ಹಾಸಿಗಿ ಒಗದ್ರು. ನನ್ನ ನೋಡಿ ಹುಚ್ಚ ಅಂದ್ರು. ನಾನೂ ಎರಡು ಸಲ ಇಳಿಸಿಟ್ಟೆ. ಮುಂದ ನಾಕ ಹೆಜ್ಜಿ ಹೋಗಿ ತಿರುಗಿ ಬಂದು ತಗೊಂಡೆ."

"ಯಾಕ್ಹಂಗ ಮಾಡಿದ್ಯೋ?" ಎಂದ ಪಾರೀಸಪ್ಪ.

"ಗೊತ್ತಿಲ್ಲ. ಆ ಗಂಟು ಆಕೀ ಕೈಲೆ ಕಟ್ಟಿದ್ದು. ಬಿಚ್ಚಲಿಲ್ಲ."

ಕಮಲಾ ಮೂರ್ತಿಯ ಬಲಗೈ ಮುಟ್ಟಿದಳು. "ಅಪ್ಪಾ, ಕಾಕಾ ಮಾತು ಕೊಟ್ಟದ್ದು ಯಾರ ಕೇಳ್ಯಾರ ಅಂದ್ಯಲ್ಲ. ಇವನ ಕೈಯ ಕೆಳಗ ಇದ್ದಾಕಿ ಕೇಳ್ಯಾಳ." ಬೇರೆ ದಿನವಾಗಿದ್ದರೆ ಬಾಯಿ ಹೆಚ್ಚಾಯಿತೆಂದು ಏಟು ಬೀಳುತ್ತಿತ್ತು. ಅವತ್ತು ಪಾರೀಸಪ್ಪ ಅರವನ್ನು ಡಬ್ಬಿಯೊಳಗಿಟ್ಟು ಮುಚ್ಚಿದ.

ಅಕ್ಕವ್ವ ಒಳಗೆ ಹೋದಳು. ಬುದ್ಧ ಮತ್ತೆ ಮಾಡಕ್ಕೆ ಬಂದ.

ಎರಡು ದಿನ ಅಕ್ಕವ್ವ ಉಂಡಳು, ಬತ್ತಿ ಹೊಸೆದಳು, ನೇಮಿನಾಥನ ತಾಟು ತಿಕ್ಕಿದಳು. ಮೂರನೆಯ ದಿನ ಕಮಲಾಳ ಕೈ ಹಿಡಿದು ಬಸದಿಗೆ ಹೋದಳು. ರಾಜಮತಿಯೂ ಹಿಂದೆಯೇ ಹೊರಟಳು. ಪಂಡಿತರು ಪೂಜೆ ಮುಗಿಸಿ ಹೊರಗೆ ಕೂತಿದ್ದರು.

"ಪಂಡಿತರ, ಹೇಳಿದಷ್ಟು ಕಂಚು ಸಿಗಲಿಲ್ಲ. ಏನ ಮಾಡ್ಲಿ?"

"ಸಿಕ್ಕಷ್ಟರೊಳಗ ಸಣ್ಣ ಬಿಂಬ ಮಾಡಿಸ್ರಿ ಅವ್ವಾರ. ಕಾಲ ಹಿಂಗೈತಿ. ಯಾರೂ ಏನೂ ಅನ್ನೂದಿಲ್ಲ."

"ಮಂದಿ ಅನ್ನೂದಲ್ರಿ. ಏಳು ಸೇರಂತ ನಾ ಇದ ಕಟ್ಟೀಮ್ಯಾಲ ನಿಂತು ಅಂದೇನಿ. ಶಾಸ್ತ್ರದಾಗ ಏನೈತಿ?"

ಪಂಡಿತರು ಸ್ವಲ್ಪ ಹಿಂದುಮುಂದು ನೋಡಿದರು. "ಉದ್ಯಾಪನೆ ಮಾಡುವ ಶಕ್ತಿ ಇಲ್ಲದವರು ವ್ರತ ಇಮ್ಮಡಿ ಮಾಡಬೇಕಂತ ಐತಿ. ಅಂದ್ರ ಮತ್ತ ಹದಿನಾಲ್ಕು ವರ್ಷ."

"ಆತು. ಅದನ್ನ ಹಿಡೀತೇನಿ. ಏಳು ಸೇರು ಅದು ಮುಗಿದಾಗ ಕೊಡ್ತೇನಿ."

"ಅವ್ವಾರ, ನಿಮಗ ವಯಸ್ಸೆಷ್ಟು?"

"ಅರವತ್ತೊಂದು."

"ಎಪ್ಪತ್ತೈದಕ್ಕ ಮುಗೀತತಿ!"

"ಮುಗೀಲಿ. ನನಗ ಬ್ಯಾರೆ ಉದ್ಯೋಗ ಏನೈತಿ?"

ರಾಜಮತಿಗೆ ತಡೆಯಲಾಗಲಿಲ್ಲ. ದಾರಿಯುದ್ದಕ್ಕೂ ಜಗಳವಾಡಿದಳು. "ಬೀಗರಿಗೆ ಏನಂತ ಹೇಳ್ಲಿ? ನಮ್ಮ ತವರವ್ರು ಬರ್ತಾರ. ಉದ್ಯಾಪನಿ ಇಲ್ಲ, ಉಂಡು ಹೋಗ್ರಿ ಅನ್ಲೇನು? ಮೊದಲಿಂದ ಮಾಡ್ತೀರಿ? ಮೊನ್ನೆ ಅಷ್ಟಮಿಗೆ ಕಣ್ಣಿಗೆ ಕತ್ತಲಿ ಬಂದು ಕುಂತ್ರಿ, ನಾ ಹಿಡದೇನಿ. ಆ ಕಾಣದ ಮುದುಕೀ ಸಲುವಾಗಿ ಉಪವಾಸಾ ಯಾಕ ಸಾಯ್ತೀರಿ, ಅತ್ತಿ?"

ಅಕ್ಕವ್ವ ನಿಂತಳು. "ಕಾಣದಾಕಿ ಅಂತಿ. ನೀ ಹೇಳು ರಾಜಮತಿ, ನಿನ್ನ ಗಂಡ ಅರ ಹಾಕಿದಾಗ ಆ ಹಳದೀ ಎಳಿ ಕಂಡಿ ಇಲ್ಲೋ?"

"ಕಂಡೆ."

"ಮತ್ತ?"

ರಾಜಮತಿ ಮನೆಗೆ ಬಂದವಳೇ ಒಲೆ ಹಚ್ಚಿ, ಪಾತ್ರೆಗಳನ್ನು ಎಂದಿಗಿಂತ ಜೋರಾಗಿ ಇಟ್ಟಳು.

ಒಣಗಿದ ಅಚ್ಚು ಹಾಗೇ ಇಡಲು ಬರುವಂತಿರಲಿಲ್ಲ. ಮಳೆಗಾಲದ ತೇವಕ್ಕೆ ಬಿರುಕು ಬಿಡುತ್ತದೆ. ಪಾರೀಸಪ್ಪ ಅದನ್ನು ಕಾಸಿ ಮೇಣ ಇಳಿಸಿಕೊಂಡು ಮಣ್ಣು ಒಡೆದ. ಒಂದು ತಿಂಗಳು ತಿದ್ದಿದ ಹದಿನಾಲ್ಕು ತೀರ್ಥಂಕರರು ಬಟ್ಟಲಲ್ಲಿ ಒಂದು ಮುದ್ದೆಯಾಗಿ ಹೆಪ್ಪುಗಟ್ಟಿದರು.

"ಇದನ್ನೇನ ಮಾಡ್ಲಿ ಅವ್ವಾ?"

"ಇಟ್ಟಿರು. ಮೇಣ ಕೆಡೂದಿಲ್ಲ."

ಚತುರ್ದಶಿಯ ದಿನ ಬೀಗರು ಬಂದರು. ಕೆಲವರು ಬಾಯಿಗೆ ಸೆರಗು ಹಿಡಿದು ನಕ್ಕರು. ತೇರದಾಳದ ಒಬ್ಬಳು ಮಾಡದ ಕಡೆ ಬೆರಳು ಮಾಡಿ, "ಇದರ ಸಲುವಾಗಿ ಅನಂತನಾಥಗ ಹದಿನಾಲ್ಕು ವರ್ಷ ಕಾಯಾಕ ಹಚ್ಚಿದ್ರೇನು?" ಎಂದಳು.

ಉತ್ತರ ಕೊಟ್ಟವಳು ರಾಜಮತಿ. "ಅವಗೇನು ಅವಸರ ಇಲ್ರಿ. ಅವಸರ ಇದ್ದದ್ದು ನಮಗ, ಹೋಳಿಗಿ ತಿನ್ನಾಕ."

ಬಸದಿಯಲ್ಲಿ ಪಂಡಿತರು ಅಕ್ಕವ್ವನ ತೋಳಿಗೆ ಹೊಸ ದಾರ ಕಟ್ಟಿದರು. ಹದಿನಾಲ್ಕು ಗಂಟು. ಅವರು ಏಳಬೇಕೆನ್ನುವಾಗ ರಾಜಮತಿ ಮುಂದೆ ಬಂದು ಬಲಗೈ ಚಾಚಿದಳು.

"ನನಗೂ ಒಂದು ಕಟ್ರಿ."

"ನಿನಗ್ಯಾಕಬೇ?" ಅಕ್ಕವ್ವ ತಿರುಗಿ ನೋಡಿದಳು.

"ನಡುವ ನೀವು ಹೊಂಟೋದ್ರ ಏಳು ಸೇರು ಯಾರ ಕೊಡಬೇಕು? ನಾ ಮುಗಸ್ತೇನಿ. ಕಾರ್ಯಾ ನನ್ನ ಕೈಲೆ ಆಗಬೇಕಂದಿದ್ದೆ, ಆಗಲಿ ಬಿಡ್ರಿ."

ಅವತ್ತು ಅತ್ತೆ ಸೊಸೆ ಇಬ್ಬರೂ ನೀರು ಕುಡಿಯಲಿಲ್ಲ. ಬೀಗರಿಗೆ ಬಡಿಸಿದವಳು ಕಮಲಾ. ನೀರು ತುಂಬಿ ಕೊಟ್ಟವನು ನೇಮಿನಾಥ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಪಾರಣೆ ಮಾಡಿದರು. ಗೋಧಿ ಹುಗ್ಗಿ, ಹಾಲು, ತುಪ್ಪ. ಎಲ್ಲರೂ ಒಟ್ಟಿಗೆ ಉಂಡರು. ನೇಮಿನಾಥ ಎರಡು ಸಲ ಹಾಕಿಸಿಕೊಂಡ. ಪಾರೀಸಪ್ಪ ಹೊಳೆದಂಡೆಯ ಊರುಗಳಲ್ಲಿ ಇನ್ನೊಂದು ಗಂಟೆ ಇದೆಯಂತೆ ಎಂದು ಹೇಳಿದ. ಹದಿನಾಲ್ಕು ವರ್ಷವಿದೆಯಲ್ಲ, ಅವಸರ ಮಾಡಬೇಡ ಎಂದು ರಾಜಮತಿ ಅವನನ್ನು ಚುಚ್ಚಿದಳು.

ಊಟವಾದ ಮೇಲೆ ರಾಜಮತಿ ಹಿತ್ತಲ ಕಲ್ಲಿನ ಬಳಿ ಪಾತ್ರೆ ಹಾಕಿಕೊಂಡು ಕೂತಳು. ಅಕ್ಕವ್ವ ಎಂದಿನಂತೆ ನೇಮಿನಾಥನ ತಾಟನ್ನು ತಿಕ್ಕಿ, ತೊಳೆದು, ಹಲಗೆಯ ಮೇಲೆ ಬೋರಲು ಹಾಕಿದಳು. ಆದರೆ ಏಳಲಿಲ್ಲ.

"ನೇಮಿ, ಆಕೀ ಹೆಸರೇನಲೇ?"

"ಯಾರದಬೇ? ಆ ಮನಿಯಾಕೀದಾ? ದಾ ಮ್ಯಾ. ‘ದಾ’ ಅಂದ್ರ ನಾವು ದೊಡ್ಡವ್ವ, ಚಿಕ್ಕವ್ವ ಅಂತೇವಲ್ಲ, ಹಂಗ."

"ಮ್ಯಾ," ಎಂದು ಅಕ್ಕವ್ವ ಒಮ್ಮೆ ಅಂದು ನೋಡಿದಳು. ಆಮೇಲೆ, "ಅದನ್ನ ಇಲ್ಲಿ ತಾ," ಅಂದಳು.

"ಯಾವುದನ್ನ?"

"ಮಾಡದಾಗ ಇದ್ದದ್ದು."

ನೇಮಿನಾಥ ತಂದುಕೊಟ್ಟ. ಮೂರ್ತಿ ಮನೆಗೆ ಬಂದು ಒಂದು ವರ್ಷ ದಾಟಿತ್ತು. ಅಕ್ಕವ್ವ ಅದನ್ನು ಮುಟ್ಟಿದ್ದು ಅವತ್ತೇ ಮೊದಲು. ನೀರು ಹಾಕಿ, ಹುಣಸೆಹಣ್ಣು ಹಚ್ಚಿ, ಮೊದಲು ಬೆನ್ನು, ಆಮೇಲೆ ನಿರಿಗೆ, ಆಮೇಲೆ ಒಂದೇ ಸಮ ಇರುವ ಬೆರಳುಗಳನ್ನು ತಿಕ್ಕತೊಡಗಿದಳು. ಕಮಲಾ ಓಡಿಬಂದು ಬಗ್ಗಿ ನೋಡಿದಳು.

"ಆಯೀ, ಅರಿವಿ ಉಟ್ಟ ದೇವರಿಗಿ ನೀ ಅಭಿಷೇಕ ಮಾಡಾಕತ್ತೀಯೇನ?"

"ಅಭಿಷೇಕ ಎಲ್ಲೀದು? ಇದರಾಗ ಒಂದು ತಾಟ ಐತಿ. ತಿಕ್ಕದ ಇಟ್ರ ಕಪ್ಪ ಹಿಡೀತತಿ."

ರಾಜಮತಿ ತನ್ನ ಕೈಯಲ್ಲಿದ್ದ ಚರಿಗೆಯನ್ನು ಕೆಳಗಿಟ್ಟು, ಇನ್ನೊಂದು ಹುಣಸೆಹಣ್ಣಿನ ಉಂಡೆಯನ್ನು ಅತ್ತೆಯ ಕಡೆ ಸರಿಸಿದಳು.

"ಬಲಗೈ ಕೆಳಗ ಛಲೋತ್ನಾಗಿ ತಿಕ್ರಿ, ಅತ್ತಿ," ಅಂದಳು. "ಅಲ್ಲಿ ಕಪ್ಪ ಕೂತೈತಿ ನೋಡ್ರಿ."